ಗೌಸ ಮಾಸ್ತರರ ಸಕ್ಕರೆ ಪರೀಕ್ಷೆ

ಎಲ್ಲ ಶುರುವಾದದ್ದು ಇರುವೆಗಳಿಂದ.

ಬ್ಯಾಡಗಿಯ ಕಾಲೇಜೊಂದರಲ್ಲಿ ಹದಿನೆಂಟು ವರ್ಷ ರಸಾಯನಶಾಸ್ತ್ರ ಹೇಳಿ ಹೇಳಿ ಗಂಟಲು ಸವೆಸಿಕೊಂಡಿದ್ದ ಮಹಮ್ಮದಗೌಸ ಮಾಸ್ತರರು ಅಂದು ಮುಂಜಾನೆ ಸೈಕಲ್ ಹೊರಗೆ ತೆಗೆಯುತ್ತಿದ್ದರು. ಮಗ್ಗುಲ ಮನೆಯ ಸಿದ್ದವ್ವ ಸೆರಗಿನೊಳಗೆ ಏನನ್ನೋ ಮುಚ್ಚಿಕೊಂಡು ಬಂದು ಹ್ಯಾಂಡಲ್ ಹಿಡಿದಳು.

“ಮಾಸ್ತರ್ರ, ನಮ್ಮ ನಿಮ್ಮ ಹಿತ್ತಲ ಸಂದ್ಯಾಗ ನಮ್ಮವರು ಒಂದಕ್ಕ ಕುಂತ ಜಾಗಾದಾಗ ಇರಿವಿ ಮುತ್ಯಾವ. ಸಕ್ಕರಿ ಬ್ಯಾನಿ ಅಂತಾರ ಮಂದಿ. ನಿಮ್ಮ ಕಾಲೇಜಿನಾಗ ನೋಡ್ತೀರಂತಲ್ಲ?”

“ದವಾಖಾನಿಗೆ ಕರ್ಕೊಂಡು ಹೋಗಬೇ ಸಿದ್ದವ್ವ.”

“ಸೂಜಿ ಅಂದ್ರ ಅಟ್ಟ ಏರ್ತಾರ ಅವರು. ನೀವು ಬಣ್ಣ ನೋಡಿ ಹೇಳಿಬಿಡ್ರಿ, ಸಾಕು.”

ಸೆರಗಿನೊಳಗಿದ್ದ ಬಾಟಲಿ ಮಾಸ್ತರರ ಕೈಚೀಲ ಸೇರಿತು. ಇಲ್ಲ ಎನ್ನುವುದಕ್ಕೂ ಮೈಯಲ್ಲಿ ಒಂದಿಷ್ಟು ಶಕ್ತಿ ಬೇಕು. ಅವರಲ್ಲಿ ಅದು ಉಳಿದಿರಲಿಲ್ಲ. ಸಿದ್ದವ್ವನ ಮಾತು ಅವರ ಸೈಕಲ್ಲಿಗಿಂತ ಮುಂದೆ ಓಡಿತ್ತು. ಓಣಿಯ ತುದಿ ಮುಟ್ಟುವಷ್ಟರಲ್ಲಿ ಇನ್ನೂ ಮೂರು ಬಾಟಲಿಗಳು ಚೀಲಕ್ಕೆ ಬಿದ್ದವು.

ಮೊದಲ ತಾಸು ಪಾಠ. ಮೈಯೊಳಗೆ ಸಕ್ಕರೆ ಹೇಗೆ ಉರಿಯುತ್ತದೆ, ಯಾವ ಕಿಣ್ವ ಎಲ್ಲಿ ಕೆಲಸ ಮಾಡುತ್ತದೆ ಎಂಬ ಲೆಕ್ಕವನ್ನು ಬೋರ್ಡಿನ ಮೇಲೆ ಅರ್ಧಕ್ಕೆ ತಂದು, ಉಳಿದರ್ಧ ನಾಳೆ ಎಂದು ಕುರ್ಚಿಗೊರಗಿದರು. ಗಂಟೆ ಹೊಡೆದ ಮೇಲೆ ಪ್ರಯೋಗಶಾಲೆಗೆ ಹೋದರೆ, ಜವಾನ ಗೂಡುಸಾಬ ಪ್ರನಾಳಗಳನ್ನು ತೊಳೆದು ಸಾಲಾಗಿ ನಿಲ್ಲಿಸಿದ್ದ.

ಪರೀಕ್ಷೆ ಸುಲಭದ್ದು. ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸುವುದು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕೇಸರಿ ದಾಟಿ ಇಟ್ಟಂಗಿ ಕೆಂಪಾದರೆ ಗತಿ ಕೆಟ್ಟಂತೆ. ಸಿದ್ದವ್ವನ ಗಂಡ ಲಕ್ಷ್ಮಪ್ಪನದು ಪೇಟೆಗೆ ಬಂದ ಒಂದನೇ ನಂಬರಿನ ಮೆಣಸಿನಕಾಯಿಯಂತೆ ಕೆಂಪಗಾಯಿತು. ಉಳಿದ ಮೂರೂ ಹಾಗೆಯೇ.

ಗೂಡುಸಾಬನ ಕಿವಿಗೂ ಬಾಯಿಗೂ ನಡುವೆ ಬಾಗಿಲಿರಲಿಲ್ಲ. ತಾಸೊಪ್ಪತ್ತಿನಲ್ಲಿ ಸುದ್ದಿ ಮೆಣಸಿನಕಾಯಿ ಪೇಟೆ ಮುಟ್ಟಿತು. ಅಲ್ಲಿ ಹಮಾಲಿ ಮಾಡುತ್ತಿದ್ದ ಲಕ್ಷ್ಮಪ್ಪ ಹೊತ್ತ ಚೀಲವನ್ನು ಅಲ್ಲೇ ಇಳಿಸಿ, ಅದರ ಮೇಲೆ ಉದ್ದಕ್ಕೆ ಮಲಗಿ, “ನನ್ನ ಕಡಿಂದ ಏನರ ತಪ್ಪಾಗಿದ್ರ ಹೊಟ್ಟಿಗೆ ಹಾಕ್ಕೋರಿಪಾ” ಎಂದು ಜೊತೆಗಾರರಿಗೆಲ್ಲ ಕೈಮುಗಿದನಂತೆ. ಇತ್ತ ಪ್ರಿನ್ಸಿಪಾಲರು ಸ್ವತಃ ಒಂದು ಶೀಶೆ ಹಿಡಿದು ಬಂದರು. ಅದೂ ಕೆಂಪು.

“ಗೌಸ, ಖರೇ ಹೇಳು,” ಎಂದು ಪ್ರಿನ್ಸಿಪಾಲರು ಸ್ಟೂಲಿನ ಮೇಲೆ ಕುಸಿದರು. “ನನ್ನ ರಿಟೈರ್‌ಮೆಂಟಿಗೆ ಇನ್ನೂ ಮೂರು ವರ್ಷ ಅದ. ಅಲ್ಲೀತನಕ ಇರ್ತೇನೇನು?”

ಐದಕ್ಕೆ ಐದೂ ಕೆಂಪು ಹೇಗಾದೀತು? ಮಾಸ್ತರರಿಗೆ ಸಂಶಯ ಬಂತು. ದ್ರಾವಣವೇ ತಪ್ಪಿರಬೇಕೆಂದು ಬೋರ್ಡಿನ ಮೇಲೆ ಮತ್ತೆ ಲೆಕ್ಕ ಹಾಕಿದರು. ಒಂದು ಲೀಟರಿಗೆ ಮೈಲುತುತ್ತ ಹದಿನೇಳು ಪಾಯಿಂಟ್ ಮೂರು ಗ್ರಾಂ. ದಶಮಾಂಶ ಎಲ್ಲೂ ಜಾರಿರಲಿಲ್ಲ. ಕೊನೆಗೆ ಬರೀ ಕುಡಿಯುವ ನೀರು ಹಾಕಿ ಕುದಿಸಿದರು. ಅದೂ ಕೆಂಪಗಾಯಿತು.

“ಗೂಡುಸಾಬ, ಇವನ್ನ ಯಾವ ನೀರಾಗ ತೊಳದಿ?”

“ನಳಾ ಎಲ್ಲಿ ಬಂದಿತ್ರಿ ಸರ? ನಿನ್ನೆ ಸ್ಪೋರ್ಟ್ಸಿನಾಗ ಓಡೂ ಹುಡುಗ್ರಿಗೆ ಅಂತ ಗ್ಲುಕೋಸ್ ಕಲಸಿದ್ದು ಅರ್ಧ ಬಕೀಟು ಉಳದಿತ್ತು. ಯಾಕ ಚೆಲ್ಲೂದು ಅಂತ ಅದರಾಗ ಅದ್ದಿ ತಗದೇನ್ರಿ.”

ಮಾಸ್ತರರಿಗೆ ಬೈಯುವುದಕ್ಕೂ ಆಗಲಿಲ್ಲ. ತಾವೇ ಬಾವಿಯಿಂದ ನೀರು ತಂದು, ಒಂದೊಂದು ಪ್ರನಾಳವನ್ನೂ ನಾಲ್ಕು ನಾಲ್ಕು ಸಲ ತೊಳೆದು, ಐದೂ ಬಾಟಲಿಗಳನ್ನು ಹೊಸದಾಗಿ ಪರೀಕ್ಷಿಸಿದರು. ಐದೂ ತಿಳಿ ನೀಲಿ. ಪ್ರಿನ್ಸಿಪಾಲರು ಸ್ಟೂಲಿನಿಂದ ಹಾರಿ ಎದ್ದು, “ನೀರಿಗೂ ಸಕ್ಕರಿ ಬ್ಯಾನಿ ತರಿಸಿದೆಲ್ಲೋ ಮಾರಾಯಾ!” ಎಂದು ಕೇಕೆ ಹಾಕಿ ನಕ್ಕು, ಸ್ಟಾಫ್ ರೂಮಿಗೆಲ್ಲ ಸಾರುತ್ತ ಹೋದರು.

ಒಬ್ಬರೇ ಉಳಿದ ಮಾಸ್ತರರು, ಇದೊಂದು ಆಗಿಹೋಗಲಿ ಎಂದು ತಮ್ಮದನ್ನೂ ಕುದಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ನೋಡನೋಡುತ್ತ ಇಟ್ಟಂಗಿ ಕೆಂಪಾಯಿತು. ಬೇರೆ ಪ್ರನಾಳ ತೊಳೆದರು, ಕೆಂಪು. ಕಪಾಟಿನಿಂದ ಹೊಚ್ಚಹೊಸದನ್ನು ತೆಗೆದರು, ಕೆಂಪು. ಅಲ್ಲೇ ಸ್ಟೂಲಿನ ಮೇಲೆ ಕುಳಿತರು. ಅಷ್ಟರಲ್ಲಿ ಗೂಡುಸಾಬ ಒಳಗೆ ಬಂದ.

“ಗೂಡುಸಾಬ, ನನಗ ಸಕ್ಕರಿ ಬ್ಯಾನಿ ಐತೋ.”

“ಬಿಡ್ರಿ ಸರ! ಇನ್ನೂ ಬಕೀಟಿನ ಗುಂಗಿನಾಗ ಅದೀರಿ,” ಎಂದು ಗೂಡುಸಾಬ ಕಿಟಕಿ ಹಾಕತೊಡಗಿದ.

ಪ್ರಿನ್ಸಿಪಾಲರ ಬಳಿ ಹೋದರು. ಅವರು ಎದುರಿನ ಜಿಲೇಬಿ ತಟ್ಟೆಯನ್ನು ಇತ್ತ ನೂಕಿ, “ಇನ್ನೊಮ್ಮೆ ತೊಳಿ, ಹೋಗ್ತದ” ಎಂದರು.

ಸಂಜೆ ಮನೆ ಮುಟ್ಟಿದರೆ ಕಟ್ಟೆಯ ಮೇಲೆ ಓಣಿಯೇ ಕೂತಿತ್ತು. ಬದುಕಿ ಬಂದ ಲಕ್ಷ್ಮಪ್ಪ ಹೊಸ ರುಮಾಲು ಸುತ್ತಿದ್ದ. ಸಿದ್ದವ್ವ ಡಬ್ಬಿ ತುಂಬ ಹೋಳಿಗೆ ತಂದಿದ್ದಳು.

“ಮುಂಜಾನೆ ನನ್ನ ಗಂಡನ್ನ ಕೊಂದ್ರಿ, ಮಧ್ಯಾಹ್ನ ಬದುಕಿಸಿದ್ರಿ. ತಿನ್ರಿ ಮಾಸ್ತರ್ರ.”

“ನಾ ತಿನ್ನಂಗಿಲ್ಲವಾ. ನನಗ ಸಕ್ಕರಿ ಬ್ಯಾನಿ ಐತಿ. ಮೂರು ಸಲ ನೋಡೇನಿ.”

ಕಟ್ಟೆಗೆ ಕಟ್ಟೆಯೇ ಘೊಳ್ಳೆಂದು ನಕ್ಕಿತು. ಲಕ್ಷ್ಮಪ್ಪ ಕಣ್ಣೊರೆಸಿಕೊಂಡು, “ನನಗೂ ಹಿಂಗ ಅಂದಿದ್ರು!” ಎಂದ.

ಮಾಸ್ತರರು ಆಸೆಯಿಂದ ಹೆಂಡತಿಯ ಮುಖ ನೋಡಿದರು. ಮೈಮುನಾಬಿ ತಟ್ಟೆ ತಂದು ಎರಡು ಹೋಳಿಗೆ ಇಟ್ಟಳು.

“ಹೆದರಬ್ಯಾಡ್ರಿ. ನಿಮ್ಮ ಪರೀಕ್ಷೆ ಅಲ್ಲೇನು? ಸುಳ್ಳ ಇರತೈತಿ,” ಎಂದು ಸಮಾಧಾನ ಹೇಳಿ ಮೇಲಷ್ಟು ತುಪ್ಪ ಸುರಿದಳು.

ವಾದಿಸುವ ತ್ರಾಣ ಮಾಸ್ತರರಿಗೆ ಉಳಿದಿರಲಿಲ್ಲ. ಮತ್ತೊಮ್ಮೆ ಹೇಳಲು ಬಾಯಿ ತೆರೆದರು. ಲಕ್ಷ್ಮಪ್ಪ ಅಷ್ಟರಲ್ಲಿ ಹೋಳಿಗೆಯ ದೊಡ್ಡ ತುಂಡೊಂದನ್ನು ಮುರಿದು, ಪ್ರೀತಿಯಿಂದ ಒಳಗೆ ತುರುಕಿಬಿಟ್ಟ.