ಕರೆಯದೆ ಬಂದು ಅಂಟಿಕೊಳ್ಳುವ ಫೈಬ್ರಿನೋಜನ್ ಅವರಿಗೆ

ಮಾನ್ಯ ಫೈಬ್ರಿನೋಜನ್ ಮಹಾಶಯರೇ,

ನಲವತ್ತೇಳು ವರ್ಷಗಳಿಂದ ನನ್ನ ರಕ್ತದಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದು, ಗಾಯ ಕಂಡಲ್ಲೆಲ್ಲ ಓಡಿಬಂದು ರಕ್ತವನ್ನು ಹೆಪ್ಪುಗಟ್ಟಿಸುವ ಕರ್ತವ್ಯನಿಷ್ಠ ಪ್ರೋಟೀನ್ ಆದ ತಮಗೆ, ಪುಣೆಯ ನಮ್ಮ ಪ್ರಯೋಗಾಲಯದಿಂದ ಸಾದರ ನಮಸ್ಕಾರಗಳು.

ತಮ್ಮ ನಿಷ್ಠೆಯ ಬಗ್ಗೆ ನನಗೆ ಸಂಶಯವಿಲ್ಲ. ತಕರಾರಿರುವುದು ತಮ್ಮ ಸಲಿಗೆಯ ಬಗ್ಗೆ. ನನ್ನ ಸಹೋದ್ಯೋಗಿ ವೃಂದಾಳ ತಾಯಿ, ನಾನು ಕಾಕೂ (ಚಿಕ್ಕಮ್ಮ) ಎಂದೇ ಕರೆಯುವ ಇಂದುಕಾಕೂ ಅವರ ಡಯಾಲಿಸಿಸ್ ಕೊಳವೆ, ಅವರ ಮೈಯಲ್ಲಿರುವ ತಮ್ಮ ದಾಯಾದಿಗಳ ದೆಸೆಯಿಂದ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದೆ. ಅದಕ್ಕೇ ನಾವು ಕೊಳವೆಯ ಒಳಮೈಗೆ, ನೀರು ಕುಡಿದು ಗರಿಕೆಯಂತೆ ಎದ್ದುನಿಲ್ಲುವ ಪಾಲಿಮರ್ ಎಳೆಗಳ ಲೇಪ ಕೊಟ್ಟು, ತಮಗೆ ಕಾಲೂರಲು ಜಾಗವಿಲ್ಲದಂತೆ ಮಾಡಲು ಹೆಣಗುತ್ತಿದ್ದೇವೆ. ಕಾಕೂ ಮಾತ್ರ ನನ್ನನ್ನು ಕಂಡಾಗಲೆಲ್ಲ, "ಏನೇ ಮೃಣಾಲ್, ನಿನ್ ಹುಲ್ಲು ಇನ್ನೂ ಚಿಗುರಲಿಲ್ವಾ? ನಾನು ಹೋದ್ಮೇಲೆ ಎಮ್ಮೆ ಮೇಯ್ಸೋಕೆ ಬೆಳೀತಿದ್ದೀಯಾ?" ಎನ್ನುತ್ತಾರೆ.

ಹೋದ ವಾರ ಆ ಲೇಪ ಬಳಿದ ಪರೀಕ್ಷೆಯ ಪುಟ್ಟ ಬಿಲ್ಲೆಯೊಂದರ ಮೇಲೆ ನನ್ನದೇ ರಕ್ತದ ಪ್ಲಾಸ್ಮಾ ಹರಿಸಿ ನೋಡಿದರೆ, ತಮ್ಮ ಸುಳಿವೇ ಇಲ್ಲ! ವೃಂದಾ ಎಲ್ಲರಿಗೂ ಪೇಢೆ ಹಂಚಿದಳು. ಆಮೇಲೆ ತಿಳಿಯಿತು. ಬೇರೆ ಪರೀಕ್ಷೆಗಳಲ್ಲಿ, ಬೇಡದವರು ಬಂದು ಅಂಟದಿರಲೆಂದು ಬಿಲ್ಲೆಯನ್ನು ಮೊದಲು ಹಾಲಿನಪುಡಿಯ ನೀರಿನಲ್ಲಿ ಅದ್ದುವುದು ನಮ್ಮಲ್ಲಿ ವಾಡಿಕೆ; ಕೈ ಅಭ್ಯಾಸದಲ್ಲಿ ಅವಳು ಇದನ್ನೂ ಅದ್ದಿಬಿಟ್ಟಿದ್ದಳು. ಸ್ವಾರ್‌ಗೇಟ್ ಬಸ್ ನಿಲ್ದಾಣದಲ್ಲಿ ಕಿಟಕಿಯೊಳಕ್ಕೆ ಕರವಸ್ತ್ರ ಎಸೆದು ಸೀಟು ಹಿಡಿಯುವವರಂತೆ, ಹಾಲಿನ ಪ್ರೋಟೀನು ಮೊದಲೇ ಜಾಗ ಹಿಡಿದು ಕೂತಿತ್ತು. "ನಾವಲ್ಲ ಕಣೇ ಗೆದ್ದಿದ್ದು, ಹಾಲು ಕೊಟ್ಟ ಎಮ್ಮೆ!" ಎಂದು ವೃಂದಾ ತಲೆ ಚಚ್ಚಿಕೊಂಡಳು. ಹಾಲಿಲ್ಲದೆ ಮತ್ತೆ ಪರೀಕ್ಷಿಸಿದಾಗ ತಾವು ಸಕುಟುಂಬ ಸಪರಿವಾರ ದಯಮಾಡಿಸಿದಿರಿ.

ಕಾಕೂ ಅವರ ರಕ್ತದೊಳಕ್ಕೆ ಹಾಲು ಕಳಿಸಲಾಗದು. ಆದ್ದರಿಂದ ನಾವು ಹುಲ್ಲನ್ನು ಇನ್ನಷ್ಟು ಒತ್ತಾಗಿ ಬೆಳೆಸುವವರೆಗೆ ತಮ್ಮಲ್ಲಿ ಒಂದೇ ವಿನಂತಿ: ಅಂಟುವ ಮುನ್ನ ಕ್ಷಣ ನಿಂತು, ಇದು ಗಾಯವೋ ಕೊಳವೆಯೋ ಎಂದು ಯಾರನ್ನಾದರೂ ವಿಚಾರಿಸಿ. ಕೊಳವೆಯಾಗಿದ್ದರೆ, ಮಧ್ಯಾಹ್ನದ ನಿದ್ದೆಗೆಂದು ಬಾಗಿಲೆಳೆದುಕೊಂಡ ಪುಣೆಯ ಅಂಗಡಿಯೆಂದು ತಿಳಿದು, ಬಡಿಯದೆ ಮುಂದೆ ಹೋಗಿ. ದಾಯಾದಿಗಳಿಗೂ ಹೇಳಿ.

ತಮ್ಮ ವಿಶ್ವಾಸಿ, ಬೇರೆ ದಾರಿಯಿಲ್ಲದ ಮನೆಯೊಡತಿ,
ಮೃಣಾಲ್ ದಾಮ್ಲೆ

ತಾ.ಕ.: ನಿನ್ನೆ ಸೌತೆಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಂಡೆ. ತಾವು ತಡಮಾಡದೆ ಬಂದು ರಕ್ತ ನಿಲ್ಲಿಸಿದಿರಿ; ಕೃತಜ್ಞಳು. ಗಾಯದ ವಿಳಾಸ ತಮ್ಮ ಕುಲಕ್ಕೆ ಚೆನ್ನಾಗಿಯೇ ಗೊತ್ತಿದೆ ಎಂದು ಇದರಿಂದ ಸಾಬೀತಾಯಿತು. ಇನ್ನು ತಮ್ಮವರು ಕಾಕೂ ಅವರ ಕೊಳವೆಯಲ್ಲಿ ಸಿಕ್ಕಿಬಿದ್ದರೆ, ದಾರಿ ತಪ್ಪಿ ಬಂದೆವೆಂಬ ನೆಪ ನಡೆಯದು.