ಬಿಸಿಲುಣ್ಣುವ ಉಪಗ್ರಹ

ಅಂದಿನ ಅನರ್ಥಕ್ಕೆಲ್ಲ ಮೂಲ, ಬಾರದೆ ಸತಾಯಿಸಿದ ಒಂದು ಕಾಗೆ.

ಉರಿಗಾಂನ ಗಣಿ ಕಾಲದ ಸಾಲುಮನೆಯೊಂದರಲ್ಲಿ ಶ್ಯಾಮಲಳ ವರ್ಷದ ತಿಥಿ. ಅಂಗಳದ ಗೋಡೆಯ ಮೇಲೆ ಎಲೆಯಲ್ಲಿ ಎಡೆಯಿಟ್ಟು, ಕಾರ್ಖಾನೆಗೆ ರಜೆ ಹಾಕಿದ್ದ ಗಂಡ ಶಿವಪ್ರಸಾದ್ "ಕಾ ಕಾ" ಎಂದು ಕೂಗಿ ಕೂಗಿ ತಾನೇ ಕಾಗೆಯಂತಾಗಿದ್ದ. ಕಾಗೆ ಮುಟ್ಟದೆ ಯಾರೂ ಉಣ್ಣುವಂತಿರಲಿಲ್ಲ. ನೆಂಟರು ಬಸ್ಸು ತಪ್ಪಿಸಿಕೊಂಡವರಂತೆ ಜಗಲಿಯಲ್ಲಿ ಕುಳಿತಿದ್ದರು.

"ಆ ಕೊಂಬು ನೋಡಿದ್ರೆ ಕಾಗೆ ಎಂಗಪ್ಪಾ ಬತ್ತದೆ?" ಎಂದಳು ಶ್ಯಾಮಲಳ ಅಕ್ಕ, ಕಾಮಸಮುದ್ರದ ಚಿಕ್ಕವೆಂಕಟಮ್ಮ.

ಸೂರಿನ ಮೇಲೆ, ಬಿದಿರಿನ ಗಳಕ್ಕೆ ಕಟ್ಟಿದ ಮೊಳದುದ್ದದ ಎರಡು ತಾಮ್ರದ ತಂತಿಗಳು ಹೋರಿಯ ಕೊಂಬಿನಂತೆ ಚಾಚಿದ್ದವು. ಹಳೆಯ ಉಪಗ್ರಹವೊಂದರ ದನಿ ಕೇಳಲು ಶಿವಪ್ರಸಾದ್ ಕಟ್ಟಿದ ಆಂಟೆನಾ ಅದು.

"ಸ್ವಲ್ಪ ತಡೀರಿ ಅಕ್ಕಾ, ಅದು ಮೇಲೆ ಬರೋ ಹೊತ್ತು. ಅದರ ಬ್ಯಾಟರಿ ಸತ್ತು ಎಷ್ಟೋ ಕಾಲ ಆಯ್ತು. ಫಲಕದ ಮೇಲೆ ಬಿಸಿಲು ಬಿದ್ದಷ್ಟು ಹೊತ್ತು ಮಾತಾಡ್ತದೆ. ಭೂಮಿ ನೆರಳಿಗೆ ಹೋದ್ರೆ ಮೂಕ."

"ಕೂಡಿಟ್ಟಿದ್ದು ಏನೂ ಇಲ್ಲ ಅನ್ನು. ನಿನ್ನಂಗೇ." ಆಕೆ ದನಿ ತಗ್ಗಿಸಿದಳು. "ನನ್ನ ತಂಗೀಗೆ ಏನೋ ಆಸೆ ಉಳ್ಕೊಂಡೈತೆ ಕಣಪ್ಪಾ. ತೀರಿಸ್ತೀನಿ ಅಂತ ಮಾತು ಕೊಡು, ಕಾಗೆ ಬತ್ತದೆ."

"ಆ ಡಬ್ಬಾನೋ, ನಾನೋ?" ಎಂದು ಶ್ಯಾಮಲ ಒಮ್ಮೆ ಶಿವಪ್ರಸಾದನನ್ನು ಕೇಳಿದ್ದಳು. ಕಿವಿಗೆ ರೇಡಿಯೊದ ಹೆಡ್‌ಫೋನ್ ಸಿಕ್ಕಿಸಿಕೊಂಡಿದ್ದ ಅವನು ಉತ್ತರಿಸಿರಲಿಲ್ಲ. ಉತ್ತರಿಸುವ ಮುನ್ನವೇ ಅವಳು ತೀರಿಹೋಗಿದ್ದಳು. ಮುನಿದೇ ಹೋದಳೇನೋ ಎಂಬ ಮುಳ್ಳು ವರ್ಷವಿಡೀ ಅವನನ್ನು ಚುಚ್ಚುತ್ತಿತ್ತು.

ಅವನು ಏಣಿ ಹತ್ತಿ ತಂತಿಗಳನ್ನು ಕಿತ್ತು, ಎಲೆಯ ಪಕ್ಕದಲ್ಲಿಟ್ಟು ಕೈಮುಗಿದ. "ಇನ್ನು ಮುಟ್ಟಲ್ಲ ಶ್ಯಾಮಲಾ."

ಕಾಗೆ ಬಂತು.

ಅದು ಅರ್ಜಿ ತಿರಸ್ಕರಿಸಲಿರುವ ಗುಮಾಸ್ತನಂತೆ ಅನ್ನವನ್ನು ಓರೆಗಣ್ಣಿನಿಂದ ನೋಡಿ, ವಡೆಯನ್ನು ದಾಟಿ, ಒಂದು ತಂತಿಯನ್ನು ಕಚ್ಚಿಕೊಂಡು ಬೇವಿನ ಮರದ ತನ್ನ ಗೂಡಿಗೆ ಹಾರಿತು.

"ಅನ್ನ ಮುಟ್ಟಲಿಲ್ವಲ್ಲಾ?" ಎಂದರು ಯಾರೋ.

"ಬಂದಿದ್ದೇ ಮುಟ್ಟಿದಂಗೆ. ಎಲೆ ಆಕಿ," ಎಂದಳು ಹಸಿದಿದ್ದ ಚಿಕ್ಕವೆಂಕಟಮ್ಮ. ಜಗಲಿ ಕ್ಷಣದಲ್ಲಿ ಬರಿದಾಯಿತು.

ಆಗ ಪಕ್ಕದ ಮನೆಯ ಮಾರಿಯಮ್ಮ ಬಂಗಾರಪೇಟೆಯಿಂದ ಮಲ್ಲಿಗೆ ಹಿಡಿದು, ಏದುಸಿರು ಬಿಡುತ್ತ ಬಂದಳು.

"ಮ್ಯಾಲಿನ ತಂತಿ ಎಲ್ಲಣ್ಣಾ? ಅಕ್ಕನ ದಿನ, ಅದರ ಕೂಗು ಕೇಳೋಣಾಂತ ಓಡಿ ಬಂದೆ."

"ಅವಳಿಗೆ ಅದು ಆಗ್ತಿರಲಿಲ್ಲವಲ್ಲಮ್ಮಾ?"

"ಅಯ್ಯೋ ಅಣ್ಣಾ, ನಿನ್ನ ಎದುರ್ಗೆ ಬೈಯೋಳು ಅಷ್ಟೇ. ನೀನು ಡ್ಯೂಟಿಗೆ ಓದ್ಮೇಲೆ ನನ್ನ ಕರ್ದು ಕೇಳ್ಸೋಳು. 'ಎಂಗೆ ಬಿಸಿಲುಂಡು ಕೂಗ್ತೈತೆ ನೋಡೇ ಮಾರಿ, ಈ ಮನೇಲಿ ನನ್ ಜೊತೆ ಮಾತಾಡೋದು ಇದೊಂದೇ' ಅನ್ನೋಳು."

ಶಿವಪ್ರಸಾದ್ ಉಳಿದಿದ್ದ ಒಂಟಿ ತಂತಿಯನ್ನು ಎತ್ತಿಕೊಂಡು, ಒಳಗಿನಿಂದ ರೇಡಿಯೊ ತಂದು ಅದಕ್ಕೆ ಸಿಕ್ಕಿಸಿ, ಆಕಾಶದತ್ತ ಹಿಡಿದ. ನಡುಹಗಲಿನ ನಿಚ್ಚಳ ಬಿಸಿಲು. ಮೇಲೆಲ್ಲೋ ಉಪಗ್ರಹ ಹೊಟ್ಟೆತುಂಬ ಉಂಡು ಕೂಗುತ್ತಲೇ ಸಾಗಿದ್ದಿರಬೇಕು. ರೇಡಿಯೊದಲ್ಲಿ ಮಾತ್ರ ಬರಿಯ ಸುಯ್ಯೆಂಬ ಸದ್ದು. ಬೇವಿನ ಮರದಲ್ಲಿ ಕಾಗೆ ಇನ್ನೊಂದು ತಂತಿಯನ್ನು ಗೂಡಿಗೆ ನೇಯುತ್ತಿತ್ತು.

ಅವನ ಎತ್ತಿದ ಕೈಯನ್ನು ಕಂಡು ಊಟದ ಸಾಲಿನಿಂದ ಚಿಕ್ಕವೆಂಕಟಮ್ಮ ಕರೆದಳು:

"ಸಾಕು ಬಾರಪ್ಪಾ, ಇನ್ನೂ ಯಾರ್ನ ಕರೀತೀಯ? ಬಂದು ಓಗಾಯ್ತಲ್ಲ."