ಗುರುತು ಹೇಳಿ, ಕೊಂಡುಹೋಗಿ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಅಂಕೆ. ಅದೂ ದೊಡ್ಡ ಅಂಕೆಯೇನಲ್ಲ, ಬರೀ ಒಂದು. ಬೆಳಿಗ್ಗೆ ಹಲ್ಲುಜ್ಜುತ್ತಾ ಫೋನು ನೋಡಿದ ನಮ್ಮ ಸಾಹಿತಿಗೆ ಅದು ಕಂಡಿತು: 'ಈವರೆಗೆ ಮಾರಾಟವಾದ ಪ್ರತಿ: 1'. ಬಾಯಲ್ಲಿದ್ದ ನೊರೆಯನ್ನು ಉಗಿಯುವುದು ಮರೆತು ನುಂಗಿಯೇಬಿಟ್ಟರು.

ಸಾಹಿತಿ ಅನ್ನುವುದು ಆಫೀಸಿನವರು ಇಟ್ಟ ಹೆಸರು. ಗೌರವಕ್ಕೆ ಇಟ್ಟದ್ದಲ್ಲ, ಗೇಲಿಗೆ ಇಟ್ಟದ್ದು. ಅವರು ಬಸ್ ನಿಲ್ದಾಣದಲ್ಲಿ, ಕಳೆದುಹೋದ ಸಾಮಾನುಗಳ ಕೌಂಟರಿನ ಗುಮಾಸ್ತರು. ಜನ ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಕೈಚೀಲ, ಕನ್ನಡಕ, ಒಮ್ಮೊಮ್ಮೆ ಕಟ್ಟಿಸಿದ ಹಲ್ಲು, ಎಲ್ಲ ಅವರ ಬೆನ್ನ ಹಿಂದಿನ ಕಪಾಟಿನಲ್ಲಿ ಕೂತಿರುತ್ತವೆ. ತಲೆಗೂದಲು ಕಪ್ಪಗಿದ್ದಾಗಿನಿಂದ ಅಲ್ಲೇ ಕೂತು ಕೂತು, ಕೊನೆಗೆ ಆ ಕೊಡೆಗಳ ಮೇಲೆಯೇ ಒಂದು ಪುಸ್ತಕ ಬರೆದರು. ಹೆಸರು 'ಯಾರೂ ಕೇಳದ ಕೊಡೆಗಳು'. ಹೆಸರಿಗೆ ತಕ್ಕ ಹಾಗೆ ಯಾವ ಪ್ರಕಾಶಕರೂ ಕೇಳಲಿಲ್ಲ. ಕಡೆಗೆ ಮಗಳು, "ಕಾಗದ ಯಾಕಪ್ಪಾ, ಇ-ಪುಸ್ತಕ ಮಾಡಿ ನಾವೇ ಹಾಕೋಣ" ಎಂದು ಒಂದು ಆನ್‌ಲೈನ್ ಪುಸ್ತಕದಂಗಡಿಯಲ್ಲಿ ಹಾಕಿಕೊಟ್ಟಳು. ಅದು ಬಿಡುಗಡೆಯಾದದ್ದು ಇವತ್ತೇ.

ನ್ಯಾಯವಾಗಿ ಅದು ಬೇಸಿಗೆಯಲ್ಲೇ ಬರಬೇಕಿತ್ತು. ತಾರೀಕೂ ಗೊತ್ತಾಗಿತ್ತು. ಆಗ ಹೆಂಡತಿ ಇದ್ದರು. ನಡುವೆ ಬಾಯಿ ಹಾಕಿದವನು ಭಾವಮೈದುನ. ಅವನು ವಿಮೆ ಏಜೆಂಟು. ಲೋಕದ ಸಕಲ ವ್ಯಾಪಾರವೂ ತನ್ನ ಅಂಗೈಯಲ್ಲಿದೆ ಎಂದು ತಿಳಿದವನು. "ಬೇಸಿಗೇಲಿ ಕೊಡೆ ಪುಸ್ತಕ ಯಾರು ತಗೋತಾರೆ ಭಾವ? ಮಳೆಗಾಲಕ್ಕೆ ಬಿಡಿ, ಆಮೇಲೆ ನೋಡಿ" ಎಂದ. ಇವರು ತಲೆಯಾಡಿಸಿದರು. ಮಗಳು ತಾರೀಕು ಮುಂದಕ್ಕೆ ಹಾಕಿದಳು. ಬೇಸಿಗೆ ಮುಗಿಯುವಷ್ಟರಲ್ಲಿ ಹೆಂಡತಿ ಆಸ್ಪತ್ರೆ ಸೇರಿ, ಹಾಗೇ ಹೊರಟುಹೋದರು.

ಆಕೆ ಗಂಡ ಬರೆದದ್ದನ್ನು ಒಂದು ಸಾಲೂ ಓದಿದವರಲ್ಲ. ಇವರು ಹಾಳೆ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದರೆ ಸಾಕು, "ಅರ್ಧ ಬೆಂದದ್ದನ್ನ ನಾನು ಬಾಯಿಗೆ ಹಾಕಲ್ಲ. ಮೊದಲು ಪುಸ್ತಕ ಆಗ್ಲಿ" ಎಂದು ಅಟ್ಟಿಬಿಡುತ್ತಿದ್ದರು. ಆಸ್ಪತ್ರೆಯ ಮಂಚದ ಮೇಲೆ ಮಲಗಿಯೂ ದಿನಾ ಕೇಳುತ್ತಿದ್ದರು, "ಏನ್ರೀ, ನಿಮ್ಮ ಪುಸ್ತಕ ಯಾವಾಗ ಬರುತ್ತೆ?" ಈಗಲೂ ಗೇಲಿ ಬಿಟ್ಟಿಲ್ಲವಲ್ಲ ಎಂದು ಇವರಿಗೆ ಸಿಟ್ಟು. "ಮಳೆ ಬಂದ್ಮೇಲೆ" ಎಂದು ಕಿಟಕಿ ಕಡೆ ತಿರುಗುತ್ತಿದ್ದರು. ಆ ಮಾತು ಈಗ ಮುಳ್ಳಿನ ಹಾಗೆ ಚುಚ್ಚುತ್ತದೆ.

ಹೋದವಳಂತೂ ಓದಲಿಲ್ಲ. ಇಷ್ಟು ದೊಡ್ಡ ಲೋಕದಲ್ಲಿ ಇನ್ನೊಬ್ಬರಾದರೂ ಓದಬೇಕು, ಅವರ ಮುಖ ತಾನು ನೋಡಬೇಕು: ಸಾಹಿತಿಗೆ ಉಳಿದ ಆಸೆ ಅದೊಂದೇ. ಈಗ ಯಾರೋ ಒಬ್ಬರು ದುಡ್ಡು ಕೊಟ್ಟು ಕೊಂಡಿದ್ದಾರೆ. ಯಾರಿರಬಹುದು? ಅಷ್ಟರಲ್ಲಿ ಫೋನು ಮತ್ತೆ ಟಿಂಗ್ ಎಂದಿತು. ಓದುಗರೇ ಇರಬೇಕೆಂದು ನೋಡಿದರೆ ಬ್ಯಾಂಕು. ಖಾತೆಯಿಂದ ಏನೋ ಚಿಲ್ಲರೆ ಕಡಿತವಾಗಿತ್ತು. ಯಾವುದೋ ಬಿಲ್ಲು, ಹಾಳಾಗಿ ಹೋಗಲಿ ಎಂದು ಅಂಗಿ ತೊಟ್ಟು ಹೊರಟರು.

ಮೆಟ್ಟಿಲ ಮೇಲೆ ಎದುರು ಮನೆಯ ಟೀಚರಮ್ಮ ಸಿಕ್ಕರು. ಶಾಲೆಯಿಂದ ನಿವೃತ್ತರಾದರೂ ಹಾಜರಿ ತೆಗೆಯುವ ಚಾಳಿ ಬಿಡದವರು. ಯಾರು ಎಷ್ಟು ಹೊತ್ತಿಗೆ ಹೋದರು, ಎಷ್ಟು ಹೊತ್ತಿಗೆ ಬಂದರು ಎಲ್ಲ ಅವರಿಗೆ ಗೊತ್ತು. ಸಾಹಿತಿ ತಡೆಯಲಾರದೆ ಹೇಳಿದರು, "ಟೀಚರಮ್ಮ, ನನ್ನ ಪುಸ್ತಕ ಯಾರೋ ತಗೊಂಡಿದ್ದಾರೆ."

"ಯಾರೋ ಅಂದ್ರೆ? ನಾನೇ ಕಣ್ರೀ" ಎಂದರು ಟೀಚರಮ್ಮ, ರೆಪ್ಪೆ ಕೂಡ ಬಡಿಯದೆ.

"ನೀವಾ? ಓದಿದ್ರಾ?"

"ಓದದೆ ಇರ್ತೀನಾ? ಆ ಕಪ್ಪು ಕೊಡೆ ವಿಷಯ ಬರುತ್ತಲ್ಲ, ಅಲ್ಲಿ ಕಣ್ಣಲ್ಲಿ ನೀರೇ ಬಂತು."

ಸಾಹಿತಿಯ ಮುಖ ಸ್ವಲ್ಪ ಬಾಡಿತು. ಅದಕ್ಕೆ ಕಾರಣವಿದೆ. ಅವರ ಕೌಂಟರಿನ ಗೋಡೆಯ ಮೇಲೆ ಒಂದು ಹಲಗೆ ಇದೆ: 'ಗುರುತು ಹೇಳಿ, ಕೊಂಡುಹೋಗಿ'. ವಸ್ತು ನನ್ನದು ಎಂದು ಬಂದವರು ಅದನ್ನು ನೋಡುವ ಮೊದಲೇ ಅದರ ಗುರುತು ಹೇಳಬೇಕು. ಬಿಟ್ಟಿ ಕೊಡೆಗೆ ಆಸೆಪಟ್ಟು ಬಂದ ಸುಳ್ಳುಗಾರರೆಲ್ಲ ಹೇಳುವುದು ಒಂದೇ ಮಾತು: "ಕಪ್ಪು ಕೊಡೆ ಸಾರ್." ನಿಜವಾಗಿ ಕಳೆದುಕೊಂಡವರಿಗೆ ಬಣ್ಣ ನೆನಪಿಗೆ ಬರುವುದು ಕೊನೆಗೆ, ಮುರಿದ ಹಿಡಿ, ಸುಟ್ಟ ತೂತು, ಇವೇ ಮೊದಲು. ಈ ಕಪ್ಪು ಕೊಡೆಯ ಕಾಟ ಕಂಡೂ ಕಂಡೂ ಬೇಸತ್ತು, ತಮ್ಮ ಪುಸ್ತಕದಲ್ಲಿ ಒಂದೂ ಕಪ್ಪು ಕೊಡೆ ಬಾರದ ಹಾಗೆ ಅವರು ನೋಡಿಕೊಂಡಿದ್ದರು.

ಆದರೂ ಮೊದಲ ದಿನವೇ ಓದುಗರನ್ನು ಸುಳ್ಳುಗಾರರು ಎನ್ನಲಾದೀತೇ? "ತುಂಬಾ ಸಂತೋಷ" ಎಂದರು. ಟೀಚರಮ್ಮ ಆ ಸಂತೋಷ ಆರುವ ಮುಂಚೆಯೇ ಒಳಗಿಂದ ಕೆಟ್ಟುಹೋದ ಇಸ್ತ್ರಿಪೆಟ್ಟಿಗೆ ತಂದು ಕೈಯಲ್ಲಿಟ್ಟರು. "ಬರ್ತಾ ರಿಪೇರಿ ಮಾಡಿಸ್ಕೊಂಡು ಬನ್ನಿ. ನಿಮ್ಮ ಓದುಗರಿಗೆ ಅಷ್ಟು ಮಾಡಲ್ವಾ?"

ನಿಲ್ದಾಣಕ್ಕೆ ಬಂದರೆ ಟಿಕೆಟ್ ಕೌಂಟರಿನಾಕೆ ಕಿಂಡಿಯಿಂದಲೇ ಕೇಳಿದಳು, "ಏನಣ್ಣಾ, ಮದುಮಗನ ಹಾಗೆ ಹೊಳೀತಿದ್ದೀರಾ? ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಬೇರೆ." ಸಾಹಿತಿ ವಿಷಯ ಹೇಳಿದರು. ಆಕೆ ಕಣ್ಣರಳಿಸಿ, "ಅಯ್ಯೋ, ಅದು ನಾನೇ ಅಲ್ವಾ ಅಣ್ಣ, ಬೆಳಿಗ್ಗೆ ಬಸ್ಸಲ್ಲಿ ಬರ್ತಾ ತಗೊಂಡೆ" ಎಂದಳು. ಕೂಡಲೇ ಸೇರಿಸಿದಳು, "ಹಾಗೇ ಊಟದ ಹೊತ್ತಲ್ಲಿ ನನ್ನ ಕೌಂಟರ್ ಸ್ವಲ್ಪ ನೋಡ್ಕೊಳ್ತೀರಾ?"

ಇದನ್ನು ಕೇಳಿಸಿಕೊಂಡ ನಿಲ್ದಾಣದ ಸಾಹೇಬರು ತಮ್ಮ ಕೋಣೆಯಿಂದ ಹೊರಬಂದರು. ಕೈಕೆಳಗಿನವರು ಕೊಂಡದ್ದನ್ನು ತಾವು ಕೊಳ್ಳದಿದ್ದರೆ ಕುರ್ಚಿಗೆ ಬೆಲೆಯೇನು? "ಅವಳಲ್ಲ ರೀ, ತಗೊಂಡಿದ್ದು ನಾನು" ಎಂದರು.

"ಹೇಗಿದೆ ಸರ್?"

"ಶೈಲಿ ಚೆನ್ನಾಗಿದೆ. ಆ ಕಪ್ಪು ಕೊಡೆ ಸ್ವಲ್ಪ ಉದ್ದ ಆಯ್ತು. ಇರಲಿ, ಮೊದಲ ಪ್ರಯತ್ನ. ಈ ಭಾನುವಾರ ಡ್ಯೂಟಿಗೆ ಯಾರೂ ಸಿಗ್ತಿಲ್ಲ, ನೀವೇ ಬಂದುಬಿಡಿ."

ಪ್ರತಿ ಒಂದು, ಕೊಂಡವರು ಮೂವರು. ಸಾಹಿತಿ ಕೌಂಟರಿನಲ್ಲಿ ಕೂತು ಕಪಾಟಿನ ಕಡೆ ನೋಡಿದರು. ಇಷ್ಟು ವರ್ಷ ಬೇರೆಯವರ ಸಾಮಾನಿಗೆ ಸುಳ್ಳು ವಾರಸುದಾರರು ಬಂದದ್ದನ್ನು ಕಂಡಿದ್ದರು, ಇವತ್ತು ತಮ್ಮದಕ್ಕೇ ಬಂದಿದ್ದಾರೆ. ನಗು ಬಂತು, ಜೊತೆಗೆ, ಈ ಮೂವರೂ ಅಲ್ಲದ ನಾಲ್ಕನೆಯವರು ಎಲ್ಲೋ ಕೂತು ಮೊದಲ ಅಧ್ಯಾಯ ಓದುತ್ತಿರಬಹುದು ಎಂಬ ಆಸೆಯೂ ಬಂತು. ಆ ಅಧ್ಯಾಯ ಒಂದು ನೀಲಿ ಕೊಡೆಯದು. ಕೌಂಟರಿಗೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗಿ ಬಂದು, "ಒಂದು ಕಡ್ಡಿಗೆ ಕೆಂಪು ದಾರ ಸುತ್ತಿದೆ, ನಾನೇ ಸುತ್ತಿದ್ದು" ಎಂದು ಗುರುತು ಹೇಳಿದ್ದಳು. ಕೊಡೆಯ ಜೊತೆಗೆ ಗುಮಾಸ್ತನನ್ನೂ ಕೊಂಡುಹೋದಳು.

ಊಟದ ಹೊತ್ತಿಗೆ ಸಾಹಿತಿ ಮಾತಿಗೆ ತಪ್ಪದೆ ಟಿಕೆಟ್ ಕೊಡಲು ಹೋದರು. ಅದೇ ಹೊತ್ತಿಗೆ ಭಾವಮೈದುನ ಬಂದ. "ನೀವು ಹೋಗಿ ಭಾವ, ಇಲ್ಲಿ ನಾನು ಕೂತಿರ್ತೀನಿ" ಎಂದ. ಕೋತಿಗೆ ಹೂಮಾಲೆ ಕೊಟ್ಟ ಹಾಗಾಯಿತು. ಇವರು ಮರಳಿ ಬಂದಾಗ ಅವನು ಬೆವರೊರೆಸಿಕೊಳ್ಳುತ್ತಾ ನಿಂತಿದ್ದ.

"ಪ್ರಚಾರ ಮುಗೀತು ಭಾವ. ಇನ್ನು ಸಂಜೆಯೊಳಗೆ ನೂರು ಪ್ರತಿ ಹೋಗದಿದ್ರೆ ನನ್ನ ಹೆಸರು ಬದಲಾಯಿಸಿ."

"ಏನು ಮಾಡಿದೆ?"

"ಅದನ್ನ ಹೇಳಿದ್ರೆ ಮಜಾ ಹೋಗುತ್ತೆ."

"ಅದಿರಲಿ, ಆ ಒಂದು ಪ್ರತಿ ತಗೊಂಡಿದ್ದು ನೀನೇನಾ?"

"ನಾನು ಪ್ರಚಾರ ವಿಭಾಗ ಭಾವ. ಖರೀದಿ ನನಗೆ ಬರಲ್ಲ." ದಿನವಿಡೀ ಸಾಹಿತಿಯ ಕಿವಿಗೆ ಬಿದ್ದ ಮೊದಲ ನಿಜವಾದ ಮಾತು ಅದು.

ಮಜಾ ಏನೆಂಬುದು ಸ್ವಲ್ಪ ಹೊತ್ತಿಗೇ ಗೊತ್ತಾಯಿತು. ಒಬ್ಬ ಹೆಂಗಸು ಬಂದು ಕೈಚೀಲದ ಗುರುತೆಲ್ಲ ಸರಿಯಾಗಿ ಹೇಳಿ, ಪಡೆದು, ಅಲ್ಲೇ ತೆರೆದಳು. ಬೀಗದಕೈ, ಬಾಚಣಿಗೆಗಳ ಮಧ್ಯೆ ಒಂದು ಹಳದಿ ಚೀಟಿ: 'ಮಳೆ ಬಂತು! ಯಾರೂ ಕೇಳದ ಕೊಡೆಗಳು! ಇಂದೇ ಡೌನ್‌ಲೋಡ್ ಮಾಡಿ!' ಆಕೆಯ ಧ್ವನಿ ನಿಲ್ದಾಣದ ಆ ತುದಿಗೆ ಕೇಳಿತು. "ಬೀಗ ಹಾಕಿಡೋ ಕಪಾಟಲ್ಲಿ ನನ್ನ ಚೀಲಕ್ಕೆ ಕೈ ಹಾಕಿದ್ದು ಯಾರು?"

ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಒಬ್ಬ ಮುದುಕಪ್ಪ ಆಗಷ್ಟೇ ಪಡೆದ ಹಲ್ಲಿನ ಡಬ್ಬಿ ತೆರೆದರು. ಹಲ್ಲುಗಳು ಒಂದು ಹಳದಿ ಚೀಟಿಯನ್ನು ಕಚ್ಚಿಕೊಂಡಿದ್ದವು. ಭಾವಮೈದುನ ಒಂದು ಚೀಲವನ್ನೂ ಬಿಟ್ಟಿರಲಿಲ್ಲ. ಆ ಕೆಲಸ ಮುಗಿಸಿ ಆಗಲೇ ಮಾಯವಾಗಿದ್ದ. ಜನ ಸೇರಿದರು. ಸಾಹೇಬರು ಬಂದರು.

"ಏನ್ರೀ ಇದು? ನೌಕರಿಯಲ್ಲಿದ್ದು ವ್ಯಾಪಾರನಾ? ಅದೂ ಪ್ರಯಾಣಿಕರ ಹಲ್ಲಿನ ಡಬ್ಬಿ ಒಳಗೆ?"

"ಸರ್, ನೀವೇ ಬೆಳಿಗ್ಗೆ ಪುಸ್ತಕ ಚೆನ್ನಾಗಿದೆ ಅಂದ್ರಲ್ಲ..."

"ನಾನಾ? ಯಾವ ಪುಸ್ತಕ? ನಾನು ಯಾವುದನ್ನೂ ತಗೊಂಡಿಲ್ಲಪ್ಪ." ಸಾಹೇಬರು ಜನರ ಕಡೆ ತಿರುಗಿ ಕೈ ಆಡಿಸಿದರು.

ಸಾಹಿತಿ ಟಿಕೆಟ್ ಕಿಂಡಿಯ ಕಡೆ ನೋಡಿದರು. ಆಕೆ ತಲೆ ಬಗ್ಗಿಸಿ ಚಿಲ್ಲರೆ ಎಣಿಸುತ್ತಾ, "ನನಗೆ ಫೋನಲ್ಲಿ ಓದಿದ್ರೆ ತಲೆನೋವು ಬರುತ್ತೆ ಸರ್, ಅದನ್ನೆಲ್ಲ ಮುಟ್ಟೋದೇ ಇಲ್ಲ" ಎಂದಳು. ಬೆಳಿಗ್ಗೆ ಮೂವರಿದ್ದ ಓದುಗರು ಹೀಗೆ ಮಧ್ಯಾಹ್ನಕ್ಕೆ ಒಬ್ಬ ಟೀಚರಮ್ಮನಿಗೆ ಇಳಿದರು. ಸಾಹೇಬರ ಅಪ್ಪಣೆ ಚಿಕ್ಕದಾಗಿತ್ತು: ಇವತ್ತು ಸಂಜೆಯೊಳಗೆ ಪುಸ್ತಕ ಅಂಗಡಿಯಿಂದ ತೆಗೆಸಬೇಕು, ಇಲ್ಲವಾದರೆ ಕೆಲಸದಿಂದ ತೆಗೆಯಲಾಗುವುದು.

ಸಂಜೆ ಮಗಳು ಬಂದಳು. ಹೊರಗೆ ಮಳೆ ಶುರುವಾಗಿತ್ತು. ಸಾಹಿತಿ ನಡೆದದ್ದನ್ನೆಲ್ಲ ಹೇಳಿ, "ತೆಗೆದುಬಿಡು ಮಗಳೇ" ಎಂದರು. ಅವಳು ಎರಡು ಸಲ "ಬೇಡಪ್ಪಾ" ಎಂದಳು, ಮೂರನೇ ಸಲ ಅಪ್ಪನ ಮುಖ ನೋಡಿ ಗುಂಡಿ ಒತ್ತಿದಳು. ಹುಟ್ಟಿದ ದಿನವೇ ಪುಸ್ತಕ ಕಣ್ಮುಚ್ಚಿತು.

"ಹೋಗಲಿ ಬಿಡು. ಆ ಒಂದು ಪ್ರತಿ ಏನಾಗುತ್ತೆ?"

"ತಗೊಂಡವರ ಹತ್ರ ಹಾಗೇ ಇರುತ್ತೆ."

"ಅದು ಯಾರು ಅಂತ ಗೊತ್ತಾಗಿದ್ದಿದ್ರೆ ಸಾಕಿತ್ತು ಕಣೆ. ಎಲ್ಲರೂ ನಾನು ನಾನು ಅಂದ್ರು, ಒಬ್ಬರಾದ್ರೂ ಗುರುತು ಹೇಳಲಿಲ್ಲ."

ಮಗಳು ಎದ್ದು ಹೋಗಿ ಬೀರುವಿನಿಂದ ಅಮ್ಮನ ಹೊಲಿಗೆ ಡಬ್ಬಿ ತಂದಳು. ಸೂಜಿ, ಗುಂಡಿ, ದಾರದ ಉಂಡೆಗಳ ನಡುವೆ ಅಮ್ಮನ ಫೋನಿತ್ತು. ಅದರ ನಂಬರು ರದ್ದು ಮಾಡಿಸಿ ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಇವರು ಹೂಂ ಎನ್ನುತ್ತಲೇ ವಾರಕ್ಕೊಮ್ಮೆ ಯಾರಿಗೂ ಕಾಣದ ಹಾಗೆ ಚಾರ್ಜಿಗೆ ಹಾಕುತ್ತಿದ್ದರು. ಅವಳು ಫೋನನ್ನು ಅಪ್ಪನ ಕೈಗಿಟ್ಟಳು. ಪರದೆಯ ಮೇಲೆ ಬೆಳಿಗ್ಗೆ ಬಂದ ಸಂದೇಶ ಹಾಗೇ ನಿಂತಿತ್ತು: 'ನೀವು ಮುಂಗಡವಾಗಿ ಕಾದಿರಿಸಿದ ಯಾರೂ ಕೇಳದ ಕೊಡೆಗಳು ಇಂದು ನಿಮ್ಮ ಕೈ ಸೇರಿದೆ. ಓದಲು ಆರಂಭಿಸಿ.'

"ಮೊದಲ ಸಲ ತಾರೀಕು ಗೊತ್ತುಮಾಡಿ ಅಂಗಡಿಗೆ ಹಾಕಿದ ದಿನವೇ ಅಮ್ಮ ಕಾದಿರಿಸಿದ್ಳು" ಎಂದಳು ಮಗಳು. "ನಿಮಗೆ ಹೇಳಬೇಡ, ಕೋಡು ಮೂಡುತ್ತೆ ಅಂದಿದ್ಳು. ಪುಸ್ತಕ ಬಂದಾಗಲೇ ದುಡ್ಡು ಕಡಿತ ಆಗೋದು, ಅದೂ ನಿಮ್ಮ ಖಾತೆಯಿಂದಲೇ. ನಿಮಗೆ ಹೇಗೆ ಹೇಳೋದು ಅಂತ ಬೆಳಿಗ್ಗೆಯಿಂದ ಒದ್ದಾಡ್ತಿದ್ದೀನಿ."

ಅಂದರೆ ಮಾರಾಟವಾದ ಒಂದೇ ಒಂದು ಪ್ರತಿಗೆ ದುಡ್ಡು ತೆತ್ತವರೂ ಸಾಹಿತಿಯೇ. ಅದಕ್ಕೆ ನಗಬೇಕಿತ್ತು. ಅವರಿಗೆ ನಗು ಬರಲಿಲ್ಲ. "ಬೇಸಿಗೇಲಿ ಬಿಟ್ಟಿದ್ರೆ..." ಎಂದು ಶುರುಮಾಡಿ ನಿಲ್ಲಿಸಿದರು.

"ಇನ್ನೇನಾದ್ರೂ ಅಂದಿದ್ಳಾ?" ಎಂದು ಕೊನೆಗೆ ಕೇಳಿದರು.

"ಮೊದಲನೇದು ನನ್ನ ಕೊಡೆ ಕತೆಯೇ ಇರುತ್ತೆ ನೋಡ್ತಿರು, ಕೆಂಪು ದಾರ ಬರೆಯೋದು ಮರೆತಿದ್ರೆ ದುಡ್ಡು ವಾಪಸ್ ಕೇಳ್ತೀನಿ ಅಂದಿದ್ಳು."

ಒಂದಕ್ಷರ ಓದದೆ ಗುರುತು ಹೇಳಿದ್ದಳು ಪುಣ್ಯಾತ್ಗಿತ್ತಿ. ಸಾಹಿತಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಅತ್ತರು. ಮಗಳು ಪಕ್ಕದಲ್ಲಿ ಕೂತು ಅಪ್ಪನ ಬೆನ್ನು ಸವರಿದಳು. ಬ್ಯಾಟರಿ ಇಳಿದು ಫೋನು ಕುಯ್ಯೆಂದಾಗ ಎದ್ದು, ಈ ಸಲ ಯಾರಿಗೂ ಬಚ್ಚಿಡದೆ ಚಾರ್ಜಿಗೆ ಹಾಕಿದರು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಟೀಚರಮ್ಮ.

"ನನ್ನ ಇಸ್ತ್ರಿಪೆಟ್ಟಿಗೆ ಆಯ್ತಾ?"

ಅದು ಕೌಂಟರಿನಲ್ಲಿ ಚೀಲಕ್ಕೆ ಹಾಕಿದ್ದು ಹಾಗೇ ಇತ್ತು. "ಮರೆತೇಬಿಟ್ಟೆ ಟೀಚರಮ್ಮ. ಈಗಲೇ ಹೋಗಿ ಬರ್ತೀನಿ."

"ಅದಿರಲಿ, ಪುಸ್ತಕ ಇನ್ನೆಷ್ಟು ಹೋಯ್ತು?"

"ಒಂದೇ."

"ಅದು ನಂದು" ಎಂದರು ಟೀಚರಮ್ಮ ಹೆಮ್ಮೆಯಿಂದ.

ಸಾಹಿತಿ ಅವರ ಮುಖ ನೋಡಿದರು. "ಹೌದು, ನಿಮ್ದೇ" ಎಂದರು. ಚೀಲವನ್ನು ಹೆಗಲಿಗೆ ಹಾಕಿಕೊಂಡು, ಬಾಗಿಲ ಮೂಲೆಯಲ್ಲಿ ಒರಗಿದ್ದ ಹಳೆಯ ನೀಲಿ ಕೊಡೆ ತೆಗೆದುಕೊಂಡರು. ಒಂದು ಕಡ್ಡಿಯ ದಾರ ಸಡಿಲಾಗಿತ್ತು. ಅದನ್ನು ಮತ್ತೆ ಬಿಗಿದು ಕಟ್ಟಿ, ರಿಪೇರಿ ಅಂಗಡಿ ಮುಚ್ಚುವ ಮೊದಲು ತಲುಪಬೇಕೆಂದು ಮಳೆಗೆ ಇಳಿದರು.